ಹತ್ತು ಸಲ, ಹತ್ತು ಕಡೆ

"ಇದನ್ನ ನೀವು ತಿಂತೀರಾ?"

ರಿಸೆಪ್ಷನ್ ಮೇಜಿನ ಮೇಲೆ ಧೊಪ್ಪನೆ ಒಂದು ಚೀಲ ಬಿತ್ತು. ನಾಯಿಗಳಿಗೆ ಹಾಕುವ ಒಣ ಆಹಾರದ ಮೂರು ಕಿಲೋ ಚೀಲ. ಬಾಯಿ ಬಿಚ್ಚಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ತಂದವನು ಮೂವತ್ತು ದಾಟಿದವನು. ಶರ್ಟಿನ ತೋಳಿನ ತುಂಬ ನಾಯಿಕೂದಲು, ಕೋಪಕ್ಕೆ ಕೆಂಪಾದ ಕಿವಿಗಳು.

ಅವನೆದುರು ನಿಂತಿದ್ದವಳು ಆ ಕಾರ್ಖಾನೆಯ ಪ್ರಯೋಗಾಲಯದ ಪರೀಕ್ಷಕಿ. ಬಿಳಿ ಕೋಟು, ಬಿಗಿಯಾಗಿ ಕಟ್ಟಿದ ಜಡೆ, ಮುಖದಲ್ಲಿ ಯಾವ ಭಾವವೂ ಇಲ್ಲ. ಮಾಂಸದ ಪುಡಿ, ಕೊಬ್ಬು, ಮೆಕ್ಕೆಜೋಳ, ಕಾರ್ಖಾನೆಯೊಳಗೆ ಏನೇ ಬರಲಿ, ಮೊದಲು ಮೂಸಿ ನೋಡುತ್ತಾಳೆಂದು ಕೆಲಸಗಾರರು ಅವಳಿಗೆ 'ಮೂಗು ಮೇಡಂ' ಎಂದು ಹೆಸರಿಟ್ಟಿದ್ದರು. ಅವಳಿಗೆ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಅವಳು ರಬ್ಬರ್ ಬ್ಯಾಂಡ್ ತೆಗೆದಳು. ಮೂಸಿದಳು. ಒಂದು ಉಂಡೆಯನ್ನು ಉಗುರಿನಿಂದ ಎರಡು ಮಾಡಿ ಒಳಗೆ ನೋಡಿದಳು. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ಕಟುಮ್ ಕುಟುಮ್ ಅಗಿಯತೊಡಗಿದಳು!

ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಉಪ್ಪು ಕಡಿಮೆ," ಎಂದಳು. "ಕೊಬ್ಬು ಕಮಟು ಹಿಡಿದಿಲ್ಲ. ಹದವಾಗಿ ಬೆಂದಿದೆ. ಮುಂದೆ ಹೇಳಿ."

"ವಿಷಕ್ಕೆ ರುಚಿ ಇರಲ್ಲ ಮೇಡಂ."

ಅವಳ ದವಡೆ ನಿಂತಿತು.

"ನಾನು ನಾಯಿ ಡಾಕ್ಟರ್. ನನ್ನ ಕ್ಲಿನಿಕ್‌ನಲ್ಲಿ ಮೂರು ನಾಯಿ ಮಲಗಿವೆ. ವಾಂತಿ, ಹಳದಿ ಒಸಡು, ಲಿವರ್ ಕೈಕೊಡ್ತಿದೆ. ಮೂರು ಬೇರೆ ಬೇರೆ ಮನೆಯವು. ಮೂರೂ ತಿಂದಿರೋದು ಇದೇ ಆಹಾರ, ಇದೇ ಬ್ಯಾಚ್ ನಂಬರ್. ಇದರ ಕೆಳಗೆ ಸಹಿ ಹಾಕಿದ್ದು ಯಾರು?"

ಬಾಯಲ್ಲಿದ್ದದ್ದನ್ನು ಉಗುಳುವುದೋ ನುಂಗುವುದೋ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ನುಂಗಿದಳು. ಎದುರಿಗೆ ಅಷ್ಟು ಸಿಟ್ಟಿನ ಮನುಷ್ಯ ನಿಂತಿರುವಾಗ ಉಗುಳಿದರೆ ಸೋತಂತೆ!

"ನಾನು," ಎಂದಳು. "ಚೀಲ ಬಿಟ್ಟು ಹೋಗಿ. ನಾಳೆ ಫೋನ್ ಮಾಡ್ತೀನಿ."

"ಮಾಡ್ತೀರಾ?"

"ಮಾಡ್ತೀನಿ ಅಂದೆನಲ್ಲ."

ಅವನು ಹೋದ. ಅವಳು ಎರಡು ಲೋಟ ನೀರು ಕುಡಿದಳು. ಒಂದು ಉಂಡೆಯಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕುಡಿದಳು.

ಮೆಕ್ಕೆಜೋಳ ತೇವದಲ್ಲಿ ಕೂತರೆ ಬೂಷ್ಟು ಹಿಡಿಯುತ್ತದೆ, ಕೆಲವು ಬೂಷ್ಟು ವಿಷ ಬಿಡುತ್ತವೆ. ಜೋಳವನ್ನು ಬೀಸಿದರೂ ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ಜೋಳದ ಲಾರಿ ಗೇಟಿನೊಳಗೆ ಬಂದಾಗಲೇ ಅದನ್ನು ಹಿಡಿಯಬೇಕು. ಕಾರ್ಖಾನೆಯ ನಿಯಮದಲ್ಲಿ ಮಿತಿ ಇಪ್ಪತ್ತು: ನೂರು ಕೋಟಿ ಪಾಲಿಗೆ ಇಪ್ಪತ್ತು ಪಾಲು. ಈ ಬ್ಯಾಚಿಗೆ ಬಳಸಿದ ಮೂರು ಲಾರಿಗಳ ಜೋಳವನ್ನೂ ಅವಳೇ ಪರೀಕ್ಷೆ ಮಾಡಿದ್ದಳು. ಮೂರರಲ್ಲೂ ಐದರೊಳಗೇ ಬಂದಿತ್ತು.

ಅವನ ಚೀಲದಲ್ಲಿ ಅರುವತ್ತನಾಲ್ಕು ಬಂತು!

"ತೆರೆದ ಚೀಲ," ಎಂದರು ಮ್ಯಾನೇಜರ್, ಕನ್ನಡಕದ ಮೇಲಿಂದ ನೋಡುತ್ತ. "ಅವರ ಮನೇಲಿ ಒದ್ದೆ ಜಾಗದಲ್ಲಿ ಇಟ್ಟಿರ್ತಾರೆ. ಅದು ನಮ್ಮ ಲೆಕ್ಕಕ್ಕೆ ಬರಲ್ಲ. ನಾವು ತೆಗೆದಿಟ್ಟ ಸೀಲ್ ಚೀಲ ಇರುತ್ತಲ್ಲ, ಅದನ್ನ ನೋಡಮ್ಮ."

ನೋಡಿದಳು. ನಾಲ್ಕು ಬಂತು.

"ಅಷ್ಟೇ. ಆ ಡಾಕ್ಟರಿಗೆ ನಾಲ್ಕು ಅಂತ ಹೇಳಿ ಮುಗಿಸು."

ಅವಳು ಫೋನ್ ಮಾಡಿದಳು. "ತೆರೆದ ಚೀಲದಲ್ಲಿ ಅರುವತ್ತನಾಲ್ಕು. ಸೀಲ್ ಚೀಲದಲ್ಲಿ ನಾಲ್ಕು."

ಫೋನಿನ ಆ ಕಡೆ ಎಲ್ಲೋ ಒಂದು ಬೆಕ್ಕು ಅರಚುತ್ತಿತ್ತು.

"ಎರಡನ್ನೂ ಯಾಕೆ ಹೇಳಿದ್ರಿ?" ಅವನ ದನಿ ಇಳಿದಿತ್ತು.

"ಎರಡೂ ಬಂದಿವೆಯಲ್ಲ."

"...ಕ್ಲಿನಿಕ್‌ಗೆ ಒಂದು ಸಲ ಬರ್ತೀರಾ? ನಾಯಿಗಳನ್ನ ನೋಡೋಕೆ."

'ಅಲ್ಲಿ ಹೋಗಿ ನಾನೇನು ಮಾಡಲಿ?' ಎಂದುಕೊಂಡಳು. ಬಾಯಿ ಮಾತ್ರ "ಐದೂವರೆಗೆ ಬರ್ತೀನಿ" ಎಂದು ಹೇಳಿಬಿಟ್ಟಿತು.

ಕ್ಲಿನಿಕ್ಕಿನ ನೆಲ ಫಿನಾಯಿಲಿನಿಂದ ಒದ್ದೆಯಾಗಿತ್ತು. ಗೋಡೆಯ ಉದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಒಳಕೋಣೆಯಲ್ಲಿ ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ತೊಡೆಯ ಮೇಲೆ ಒಂದು ಮುದಿ ನಾಯಿಯ ತಲೆ. ಅದರ ಮುಂಗಾಲಿಗೆ ಸಲೈನ್ ಕೊಳವೆ ಅಂಟಿಸಿತ್ತು.

"ಏಳೋಕಾಗಲ್ಲ, ಕ್ಷಮಿಸಿ. ಈಗ ತಾನೇ ನಿದ್ದೆ ಹತ್ತಿದೆ," ಎಂದ ಪಿಸುದನಿಯಲ್ಲಿ.

ಅವಳೂ ನೆಲಕ್ಕೇ ಕೂತಳು. ನಾಯಿಯ ತುಟಿ ಎತ್ತಿ ಅವನು ಒಸಡು ತೋರಿಸಿದ. ಹಳದಿ. ಅವಳು ಆರು ವರ್ಷದಿಂದ ನಾಯಿಯ ಆಹಾರ ಪರೀಕ್ಷಿಸುತ್ತಿದ್ದಾಳೆ. ಅದನ್ನು ತಿನ್ನುವ ನಾಯಿಯ ಬಾಯೊಳಗೆ ನೋಡಿದ್ದು ಅದೇ ಮೊದಲು.

'ಇದರ ಕೆಳಗೆ ನನ್ನ ಸಹಿ ಇದೆ...' ಎಂದುಕೊಂಡಳು.

ಮಾತು ಬೇರೆ ಕಡೆ ತಿರುಗಲಿ ಎಂದೋ ಏನೋ, ಅವನು ಮೂಲೆಯಲ್ಲಿದ್ದ, ಅವಳ ಕಾರ್ಖಾನೆಯದೇ ಇನ್ನೊಂದು ಚೀಲ ಎಳೆದು ಅವಳ ಮುಂದಿಟ್ಟ.

"ಜನ ನನ್ನನ್ನ ಕೇಳ್ತಾರೆ, ಒಳ್ಳೇದು ಯಾವುದು ಅಂತ. ಲೇಬಲ್ ನೋಡಿ ಹೇಳೋಕೆ ನನಗೂ ಪೂರ್ತಿ ಬರಲ್ಲ. ನೀವು ಓದಿ. ಮೊದಲ ಹೆಸರು ತಾಜಾ ಕೋಳಿ. ಚೆನ್ನಾಗಿದೆ, ಅಲ್ವಾ?"

"ತಾಜಾ ಕೋಳಿಯಲ್ಲಿ ಮುಕ್ಕಾಲು ಪಾಲು ನೀರು," ಎಂದಳು. "ಹಸೀದನ್ನ ತೂಗಿ ಬರೀತಾರೆ, ಅದಕ್ಕೇ ಮೊದಲು ಬರುತ್ತೆ. ಒಣಗಿದ ಮೇಲೆ ತೂಗಿದ್ರೆ ಎಲ್ಲೋ ಹಿಂದೆ ಹೋಗುತ್ತೆ."

"ಆಮೇಲೆ?"

"ಮೆಕ್ಕೆಜೋಳ. ಜೋಳದ ಹಿಟ್ಟು. ಕೆಳಗೆ ನೋಡಿ, ಜೋಳದ ಪ್ರೋಟೀನ್. ಮೂರೂ ಒಂದೇ ಮನೆಯವರು. ಒಟ್ಟಿಗೆ ನಿಲ್ಲಿಸಿದ್ರೆ ಕೋಳಿ ಕಾಣಲ್ಲ ಅಂತ ಬೇರೆ ಬೇರೆ ನಿಲ್ಲಿಸಿದಾರೆ."

"ಅಂದ್ರೆ ಇದು ಕೋಳಿ ಚೀಲ ಅಲ್ಲ."

"ಜೋಳದ ಚೀಲ. ಕೋಳಿ ನೆಂಟರ ಹಾಗೆ ಬಂದು ಹೋಗಿದೆ."

ಅವನು ನಕ್ಕುಬಿಟ್ಟ! ನಾಯಿ ಎಚ್ಚರಾದೀತೆಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಭುಜ ಅಲುಗಿಸಿಕೊಂಡು ನಕ್ಕ. ಅವಳು ಜೋಕು ಮಾಡಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ಆದರೂ ಅವನು ನಕ್ಕಿದ್ದು ಚೆನ್ನಾಗಿತ್ತು.

"ನಿಮ್ಮ ಕಾರ್ಖಾನೆ ಬಗ್ಗೆ ನೀವೇ ಹೀಗಂತೀರಾ?"

"ಲೇಬಲ್‌ನಲ್ಲಿ ಸುಳ್ಳಿಲ್ಲ. ಸಾಲು ಹಾಗಿದೆ ಅಷ್ಟೇ. ಓದೋಕೆ ಬರಬೇಕು."

ಮನೆಗೆ ಹೋಗುವ ದಾರಿಯಲ್ಲಿ ಅವಳ ಎದೆ ಸ್ವಲ್ಪ ಜೋರಾಗಿಯೇ ಬಡಿದುಕೊಳ್ಳುತ್ತಿತ್ತು. ಕಾಫಿ ಜಾಸ್ತಿಯಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಆ ದಿನ ಅವಳು ಕಾಫಿಯನ್ನೇ ಕುಡಿದಿರಲಿಲ್ಲ.

ಮರುದಿನವೂ ಹೋದಳು. ಅದರ ಮರುದಿನವೂ. ನಾಯಿಗಳನ್ನು ನೋಡಲು ಎಂದು ಅಮ್ಮನಿಗೆ ಹೇಳಿದಳು. "ನಿನಗೆ ನಾಯಿ ಕಂಡ್ರೆ ಆಗ್ತಿರಲಿಲ್ಲವಲ್ಲೇ?" ಎಂದರು ಅಮ್ಮ. ಹೆತ್ತವರಿಗೆ ಹೆಗ್ಗಣ ಮುದ್ದು, ಆದರೆ ಆ ಹೆಗ್ಗಣ ಯಾವಾಗ ಸುಳ್ಳು ಹೇಳುತ್ತದೆಂಬುದೂ ಅವರಿಗೆ ಗೊತ್ತಿರುತ್ತದೆ.

ಮೂರನೆಯ ಸಂಜೆ ಅವನು ಕಾಗದದ ಲೋಟದಲ್ಲಿ ಚಹಾ ತಂದುಕೊಟ್ಟ. ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಅದನ್ನು ಗಮನಿಸದವರಂತೆ ಚಹಾ ಕುಡಿದರು. ನಾಯಿಗಳಲ್ಲಿ ಎರಡು ಎದ್ದು ನಿಂತಿದ್ದವು, ಮುದಿ ನಾಯಿಯೂ ನೀರು ಕುಡಿದಿತ್ತು.

"ನನ್ನ ಹತ್ತಿರ ಬರೋರಿಗೆ ಆ ಚೀಲ ನಿಲ್ಲಿಸಿ ಅಂತ ಹೇಳಿದೀನಿ," ಎಂದ. "ಬರದೇ ಇರೋರಿಗೆ ಯಾರು ಹೇಳ್ತಾರೆ? ಎಷ್ಟು ಅಂಗಡಿಯಲ್ಲಿ ಇದೆಯೋ! ನೀವು ಸಹಿ ವಾಪಸ್ ತಗೊಂಡ್ರೆ ಮಾತ್ರ ಪೂರ್ತಿ ಬ್ಯಾಚ್ ವಾಪಸ್ ಬರುತ್ತೆ."

"ಕಾರಣ ಬೇಕು. ಸೀಲ್ ಚೀಲದಲ್ಲಿ ನಾಲ್ಕೇ ಬಂದಿದೆ."

"ಒಂದರಲ್ಲಿ ನಾಲ್ಕು, ಒಂದರಲ್ಲಿ ಅರುವತ್ತನಾಲ್ಕು ಬರೋದು ಯಾವಾಗ? ಲಾರಿಯ ಒಂದು ಮೂಲೆ ಮಾತ್ರ ಕೆಟ್ಟಿದ್ದಾಗ. ಲಾರಿಯಿಂದ ಸರಿಯಾಗಿ ಜೋಳ ತೆಗೆದಿದ್ರೆ ಅಲ್ಲೇ ಸಿಗಬೇಕಿತ್ತು."

"ಸರಿಯಾಗೇ ತೆಗೆದಿದಾರೆ. ಪ್ರತಿ ಲಾರಿಗೂ ಹತ್ತು ಕಡೆ ಚುಚ್ಚಿ ತೆಗೀಬೇಕು ಅಂತ ನಿಯಮ ಇದೆ. ಹತ್ತು ಅಂತ ಬರೆದು ಸಹಿ ಹಾಕಿದಾರೆ."

"ಹಾಗಾದ್ರೆ ಆ ಸಹಿ ಹಾಕಿದವನು ಕಳ್ಳ."

ಅವಳು ಚಹಾ ಕುಡಿಯುವುದನ್ನು ನಿಲ್ಲಿಸಿದಳು.

"ಎಲ್ಲೋ ಕೂತು ಬೀಡಿ ಸೇದ್ಕೊಂಡು ಹತ್ತು ಅಂತ ಗೀಚಿರ್ತಾನೆ. ಇಂಥವರನ್ನ ಮೊದಲು ಹೊರಗೆ ಹಾಕಬೇಕು! ನಿಮ್ಮ ಪರೀಕ್ಷೆ ಎಷ್ಟು ಸರಿ ಇದ್ರೆ ಏನು ಬಂತು..."

ಅವಳು ಲೋಟ ಕೆಳಗಿಟ್ಟು ಎದ್ದಳು. "ನನಗೆ ಕೆಲಸ ಇದೆ."

"ಏನಾಯ್ತು? ನಾನು ನಿಮಗೆ ಅಂದಿದ್ದಲ್ಲ..."

"ಗೊತ್ತು," ಎಂದಷ್ಟೇ ಹೇಳಿ ಬಾಗಿಲು ದಾಟಿದಳು.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೇಟಿನಲ್ಲಿ ಲಾರಿ ಹತ್ತಿ, ಉದ್ದನೆಯ ಟೊಳ್ಳು ಕಬ್ಬಿಣದ ಭರ್ಜಿ ಚುಚ್ಚಿ ಜೋಳ ತೆಗೆಯುವವರು, ಇಪ್ಪತ್ತಾರು ವರ್ಷದಿಂದ ಎಲ್ಲರ ಬಾಯಲ್ಲೂ 'ಭರ್ಜಿ ಯಜಮಾನರು' ಆಗಿರುವವರು, ಅವಳ ಅಪ್ಪ.

'ನನ್ನಪ್ಪ ಕಳ್ಳ ಅಲ್ಲ. ನಾಳೆ ಜಾಡಿಗಳನ್ನ ತೆಗೆದು ತೋರಿಸ್ತೀನಿ ಇವನಿಗೆ!'

ಪ್ರತಿ ಲಾರಿಯ ಜೋಳದಲ್ಲೂ ಒಂದು ಹಿಡಿಯನ್ನು ಗಾಜಿನ ಜಾಡಿಯಲ್ಲಿ ಹಾಕಿ, ದಿನಾಂಕ ಬರೆದು, ಒಂದು ವರ್ಷ ಕಪಾಟಿನಲ್ಲಿ ಇಡುತ್ತಾರೆ. ಮರುದಿನ ಬೆಳಿಗ್ಗೆ ಅವಳು ಆ ಮೂರು ಲಾರಿಗಳ ಜಾಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಚೊಕ್ಕ ಜೋಳ. ದುಂಡು ಕಾಳು, ಒಂದೂ ಒಡೆದಿಲ್ಲ. ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಲಾರಿ ಕುಲುಕುತ್ತ ಬರುವಾಗ ದೂಳು, ಹೊಟ್ಟು, ಒಡೆದ ಕಾಳುಗಳೆಲ್ಲ ತಳಕ್ಕಿಳಿಯುತ್ತವೆ. ಹತ್ತು ಕಡೆ, ಮೂಲೆಮೂಲೆಗೆ ಚುಚ್ಚಿ ತೆಗೆದರೆ ಜಾಡಿಯಲ್ಲಿ ಒಂದಿಷ್ಟು ಕಸ ಬರಲೇಬೇಕು. ಈ ಜಾಡಿಗಳಲ್ಲಿ ಚಿಟಿಕೆ ದೂಳೂ ಇರಲಿಲ್ಲ.

ಅವಳು ಹಿಂದಿನ ತಿಂಗಳ ಜಾಡಿಗಳನ್ನು ತೆಗೆದಳು. ಅದರ ಹಿಂದಿನ ತಿಂಗಳವನ್ನೂ. ಎಲ್ಲವೂ ಚೊಕ್ಕ. ಏಳು ತಿಂಗಳು ಹಿಂದಕ್ಕೆ ಹೋದಾಗ ಕೊನೆಗೂ ಒಂದು ಜಾಡಿಯ ತಳದಲ್ಲಿ ಬೂದು ದೂಳು ಸಿಕ್ಕಿತು. ಅಲ್ಲಿಂದ ಹಿಂದಕ್ಕೆ ಎಲ್ಲದರಲ್ಲೂ ದೂಳಿತ್ತು.

ಏಳು ತಿಂಗಳ ಹಿಂದೆ ಅಪ್ಪ ಬಾತ್‌ರೂಮಿನಲ್ಲಿ ಜಾರಿಬಿದ್ದು ಮಂಡಿ ಊದಿಸಿಕೊಂಡಿದ್ದರು.

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಇದೇ ಜಾಡಿಗಳ ಪಟ್ಟಿಯಲ್ಲಿ ಅವಳ ಕೈಬರಹದಲ್ಲೇ ಬರೆದಿತ್ತು: 'ಇತ್ತೀಚೆಗೆ ಬಹಳ ಸ್ವಚ್ಛವಾದ ಜೋಳ ಬರುತ್ತಿದೆ.' ಮೂಗು ಮೇಡಂ ಮೂಸಿದ್ದಳು, ಮೆಚ್ಚಿದ್ದಳು. ಅದು ಯಾಕಿಷ್ಟು ಸ್ವಚ್ಛ ಎಂದು ಕೇಳಿರಲಿಲ್ಲ.

ಸಂಜೆ ಅಪ್ಪ ಬಾಲ್ಕನಿಯಲ್ಲಿ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಅಮ್ಮ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದರು.

"ಅಪ್ಪಾ, ಲಾರಿ ಹತ್ತಿ ಎಷ್ಟು ದಿನ ಆಯ್ತು?"

"ಏನು ಪ್ರಶ್ನೆ ಇದು? ದಿನಾ ಹತ್ತುತ್ತೀನಿ."

"ಏಣಿ ಮೇಲೆ ನಿಂತ್ಕೊಳ್ಳೋದಲ್ಲ. ಜೋಳದ ಮೇಲೆ ನಡೆದು, ಆ ಕಡೆ ಮೂಲೆಗೆ ಹೋಗೋದು."

ಅಪ್ಪ ಬಿಸಿನೀರಿನ ಚೀಲವನ್ನು ಆ ಕಡೆ ಈ ಕಡೆ ಸರಿಸಿದರು.

"ಹತ್ತು ಅಂತ ಬರೆದಿದೀನಿ, ಹತ್ತೂ ತೆಗೆದಿದೀನಿ! ಭರ್ಜಿ ಹತ್ತು ಸಲ ಚುಚ್ಚಿದೀನಿ. ಒಂದು ಸಲ ಕಡಿಮೆ ಮಾಡಿದ್ರೆ ಕೇಳು."

"ಹತ್ತು ಸಲ ಅಲ್ಲಪ್ಪಾ... ಹತ್ತು ಕಡೆ."

"ಕಾಗದದಲ್ಲಿ 'ಹತ್ತು' ಅಂತ ಮಾತ್ರ ಇದೆ. ಸಲ ಅಂತಲೂ ಇಲ್ಲ, ಕಡೆ ಅಂತಲೂ ಇಲ್ಲ."

"ಎಲ್ಲಿ ಚುಚ್ಚಿದ್ರಿ?"

"ಏಣಿ ಪಕ್ಕ. ಕೈಗೆ ಎಟುಕೋ ಕಡೆ." ಅಪ್ಪನ ದನಿ ಏರಿತು. "ಏನೀಗ? ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆಯೆಲ್ಲ ಹಿಸುಕ್ತಾರಾ? ಒಂದು ಅಗುಳು ಸಾಕು!"

"ಅಡುಗೆಮನೆಗೆ ಒಂದು ದಿನಾನೂ ಕಾಲಿಡದವರಿಗೆ ಅಗುಳಿನ ಮಾತು ಬೇರೆ," ಎಂದರು ಅಮ್ಮ, ಚಾಕು ನಿಲ್ಲಿಸದೆ.

"ಅನ್ನ ಪಾತ್ರೆ ಪೂರ್ತಿ ಒಟ್ಟಿಗೆ ಬೇಯುತ್ತೆ ಅಪ್ಪಾ," ಎಂದಳು. "ಬೂಷ್ಟು ಹಾಗಲ್ಲ. ಎಲ್ಲೋ ಟಾರ್ಪಾಲು ಹರಿದ ಕಡೆ, ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತೆ. ಅಲ್ಲಿ ಚುಚ್ಚದಿದ್ರೆ ಸಿಗಲ್ಲ. ನಾಯಿಗಳು ಕಾಯಿಲೆ ಬಿದ್ದಿವೆ."

ಚಾಕು ನಿಂತಿತು.

ಅಪ್ಪ ಬಿಸಿನೀರಿನ ಚೀಲ ಕೆಳಗಿಟ್ಟು ಹೇಳಿದರು: "ಇನ್ನು ಐದು ವಾರ ಇದೆ ನನಗೆ. ಇಪ್ಪತ್ತಾರು ವರ್ಷ ಮಾಡಿದೀನಿ. ಎಲ್ಲರ ಎದುರಿಗೆ ಮರ್ಯಾದೆಯಿಂದ ಗೇಟು ದಾಟಬೇಕು ಅಂತ ಆಸೆ. ಐದು ವಾರ ತಡೆದುಕೋ ಪುಟ್ಟೀ. ಆಮೇಲೆ ನಿನ್ನಿಷ್ಟ."

ಈ ಮನುಷ್ಯ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು. 'ನನ್ನ ಮಗಳು ಸಹಿ ಹಾಕದೆ ಒಂದು ಚೀಲ ಹೊರಗೆ ಹೋಗಲ್ಲ' ಎಂದು ಗೇಟಿನಲ್ಲಿ ಎಲ್ಲರೆದುರು ಮೀಸೆ ತಿರುವಿದವರು.

ಅವಳು ಐದು ವಾರ ತಡೆಯಲಿಲ್ಲ. ಆದರೆ ಎರಡು ದಿನ ತಡೆದಳು. ಇದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡಬೇಕಾದ ಅಗತ್ಯವಿಲ್ಲ.

ಆ ಎರಡು ದಿನದಲ್ಲಿ ಡಾಕ್ಟರ್ ಐದು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಏನು ಹೇಳುವುದು? 'ನೀವು ಕಳ್ಳ ಅಂದದ್ದು ನನ್ನಪ್ಪನಿಗೆ' ಎನ್ನುವುದೇ? 'ನೀವು ಹೇಳಿದ್ದೇ ಸರಿ' ಎನ್ನುವುದೇ? ಎರಡೂ ನಾಲಿಗೆಯ ತುದಿಯವರೆಗೆ ಬರುತ್ತಿರಲಿಲ್ಲ. ಅತ್ತ ಅವನು, ಇವಳೂ ಕೊನೆಗೆ ಕಾರ್ಖಾನೆಯವಳೇ, ಸತ್ಯ ಹತ್ತಿರ ಬಂದಾಗ ಜಾರಿಕೊಂಡಳು ಎಂದುಕೊಂಡ. ನೋವಾಯಿತು. ನೋವಿಗಿಂತ ಹೆಚ್ಚಾಗಿ, ಸಂಜೆ ಐದೂವರೆಗೆ ಬಾಗಿಲ ಕಡೆ ನೋಡುವ ಅಭ್ಯಾಸ ಬಿಡಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟಾಯಿತು.

ಎರಡನೆಯ ದಿನ ಮಧ್ಯಾಹ್ನ ಅವನ ಮೆಸೇಜ್ ಬಂತು.

'ಆ ದಿನ ನಾನೇನು ತಪ್ಪು ಮಾತಾಡಿದೆ ಅಂತ ಇನ್ನೂ ಗೊತ್ತಾಗ್ತಿಲ್ಲ. ಅದು ಬಿಡಿ. ನಾಲ್ಕನೆಯ ನಾಯಿ ಬಂದಿದೆ. ಒಬ್ಬ ಬಸ್ ಡ್ರೈವರ್ ಮನೇದು. ಎರಡು ವಾರದಿಂದ ಇದೇ ತಿಂತಿದೆ. ನಿನ್ನೆಯೂ ತಿಂದಿದೆ.'

ನಿನ್ನೆಯೂ!

ನಿನ್ನೆ ಅವಳಿಗೆ ಗೊತ್ತಿತ್ತು. ಮೊನ್ನೆಯೇ ಗೊತ್ತಿತ್ತು.

ಅವಳು ಎದ್ದು ಗೋದಾಮಿಗೆ ಹೋದಳು. ಆ ಬ್ಯಾಚಿನ ಹತ್ತು ಸೀಲ್ ಚೀಲಗಳನ್ನು ಹತ್ತು ಬೇರೆ ಬೇರೆ ರಾಶಿಗಳಿಂದ ಇಳಿಸಿಕೊಂಡಳು. ಏಳು ಚೆನ್ನಾಗಿದ್ದವು. ಮೂರು ಮಿತಿ ದಾಟಿದ್ದವು, ಒಂದರಲ್ಲಿ ತೊಂಬತ್ತೊಂದು. ನಾಲ್ಕು ಗಂಟೆಗೆ ಅವಳು ಪತ್ರ ಬರೆದು ಮ್ಯಾನೇಜರ್ ಮೇಜಿನ ಮೇಲಿಟ್ಟಳು.

'ಈ ಬ್ಯಾಚಿಗೆ ನಾನು ಕೊಟ್ಟ ಒಪ್ಪಿಗೆಯನ್ನು ಹಿಂಪಡೆದಿದ್ದೇನೆ. ಏಳು ತಿಂಗಳಿಂದ ಲಾರಿಯ ಒಂದೇ ಕಡೆಯಿಂದ ಜೋಳ ತೆಗೆಯಲಾಗಿದೆ. ಜಾಡಿ ನೋಡಿ ನಾನು ಕಂಡುಹಿಡಿಯಬೇಕಿತ್ತು. ಹಿಡಿಯಲಿಲ್ಲ. ಜೋಳ ತೆಗೆದವರು ನನ್ನ ತಂದೆ.'

ಮ್ಯಾನೇಜರ್ ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಕೊನೆ ಸಾಲು ಬರೀಬೇಕಾಗಿರಲಿಲ್ಲಮ್ಮ."

"ಬೇರೆ ಯಾರಾದ್ರೂ ತೆಗೆದಿದ್ರೆ ಜೋಳ ಯಾಕಿಷ್ಟು ಚೊಕ್ಕ ಅಂತ ಕೇಳಿರ್ತಿದ್ದೆ ಸರ್. ಅಪ್ಪ ಅಂತ ಕೇಳಲಿಲ್ಲ. ಅದೂ ಕಾರಣವೇ."

ಅವರು ಕನ್ನಡಕ ಹಾಕಿಕೊಂಡು, ಬ್ಯಾಚ್ ವಾಪಸ್ ತರಿಸಲು ಫೋನ್ ಎತ್ತಿಕೊಂಡರು. ಒಳ್ಳೆಯ ಮನುಷ್ಯನೇ, ಕಾರಣ ಕೈಗೆ ಸಿಕ್ಕರೆ ಸರಿಯಾದದ್ದನ್ನೇ ಮಾಡುತ್ತಿದ್ದರು.

ಮರುದಿನದಿಂದ ಚೀಲಗಳು ಅಂಗಡಿಗಳಿಂದ ವಾಪಸ್ ಬರತೊಡಗಿದವು. ಅಂಗಡಿ, ಕ್ಲಿನಿಕ್ಕುಗಳಿಗೆಲ್ಲ ಅವಳ ಪತ್ರದ ಪ್ರತಿ ಲಗತ್ತಿಸಿದ ಸೂಚನೆ ಹೋಯಿತು. ಭರ್ಜಿ ಯಜಮಾನರನ್ನು ಅದೇ ದಿನ ಮನೆಗೆ ಕಳಿಸಿದರು. ಅವರು ಹಿಂದೆ ತಿರುಗಿ ನೋಡದೆ, ಕುಂಟುತ್ತ, ಒಬ್ಬರೇ ಗೇಟು ದಾಟಿದರು. ಪ್ರಯೋಗಾಲಯದ ಕಿಟಕಿಯಿಂದ ಅವಳು ನೋಡುತ್ತ ನಿಂತಿದ್ದಳು. ಕೆಳಗಿಳಿದು ಹೋಗುವ ಧೈರ್ಯವಾಗಲಿಲ್ಲ.

ಆಮೇಲೆ ಮನೆಯಲ್ಲಿ ಅಪ್ಪ ಮಗಳ ಜೊತೆ ಮಾತು ಬಿಟ್ಟರು. ಏನಿದ್ದರೂ ಅಮ್ಮನ ಮೂಲಕ.

"ನಿನ್ನ ಮಗಳಿಗೆ ಹೇಳು, ಗೀಸರ್ ಆಫ್ ಮಾಡಲಿ."

"ಇಲ್ಲೇ ನಿಂತಿದಾಳಲ್ಲ, ನೀವೇ ಹೇಳಿ. ನಾನೇನು ಪೋಸ್ಟ್‌ಮ್ಯಾನಾ?"

ಅವಳು ಗೀಸರ್ ಆಫ್ ಮಾಡುತ್ತಿದ್ದಳು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಹೀಗೆ ಒಂಬತ್ತು ದಿನ ಕಳೆಯಿತು. ಡಾಕ್ಟರಿಂದ ಒಂದು ಫೋನೂ ಇಲ್ಲ, ಒಂದು ಮೆಸೇಜೂ ಇಲ್ಲ. 'ಅಪ್ಪನ ಮಗಳು ಅಂತ ಗೊತ್ತಾಯ್ತಲ್ಲ... ಮುಗೀತು' ಎಂದುಕೊಂಡಳು.

ಮುಗಿದಿರಲಿಲ್ಲ. ಆ ಸೂಚನೆಯ ಜೊತೆಗಿದ್ದ ಪತ್ರ ಓದಿದ ದಿನದಿಂದ ಡಾಕ್ಟರಿಗೆ ಸರಿಯಾಗಿ ಊಟ ಸೇರಿರಲಿಲ್ಲ. ಕೊನೆಯ ಸಾಲು, 'ನನ್ನ ತಂದೆ' ಎಂಬ ಎರಡು ಪದ. ತಾನು ಕಳ್ಳ ಎಂದದ್ದು, ಬೀಡಿ ಎಂದದ್ದು, ಹೊರಗೆ ಹಾಕಬೇಕು ಎಂದದ್ದು... ಎಲ್ಲ ಅವಳೆದುರಿಗೇ! ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಎದುರು ನಿಂತು ಹೇಳುವ ಧೈರ್ಯ ಬರಲು ಅವನಿಗೂ ಒಂಬತ್ತು ದಿನ ಬೇಕಾಯಿತು. ನಾಯಿಗೆ ಹೆದರದವನು ಮನುಷ್ಯರಿಗೆ ಹೆದರುವುದು ಹೊಸದೇನಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತಟ್ಟಿದ. ತೆರೆದವರು ಅಪ್ಪ.

"ಯಾರು?"

"ನಾನು ನಾಯಿ ಡಾಕ್ಟರ್. ನಿಮ್ಮನ್ನ ನೋಡದೆ, ನಿಮ್ಮ ಮಗಳ ಎದುರಿಗೆ, ನಿಮಗೆ ಕಳ್ಳ ಅಂದಿದ್ದೆ. ತಪ್ಪಾಯ್ತು ಅಂತ ಹೇಳೋಕೆ ಬಂದೆ."

ಒಳಗೆ ಬಟ್ಟೆ ಮಡಚುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕಳ್ಳ ಅನ್ನೋದು ತಪ್ಪು," ಎಂದರು. "ಮಂಡಿ ನೋಯುತ್ತೆ ಅಂತ ಹೇಳೋಕೆ ನಾಚಿಕೆಪಟ್ಟ ಮುದುಕ ಅಂದಿದ್ರೆ ಒಪ್ಕೊಳ್ತಿದ್ದೆ."

ಅವನು ತಲೆ ತಗ್ಗಿಸಿದ.

"ಒಂದು ಕೇಳ್ತೀನಿ. ಯಾರನ್ನೂ ಕೇಳೋಕೆ ಆಗಿಲ್ಲ ನನಗೆ." ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಎಷ್ಟು ನಾಯಿ ಹೋದವು?"

"ನನಗೆ ಗೊತ್ತಿರೋ ಹಾಗೆ, ಒಂದು. ಬಸ್ ಡ್ರೈವರ್ ಮನೇದು. ಮಿಕ್ಕ ಮೂರೂ ಮನೆಗೆ ಹೋದವು."

"ಒಂದು," ಎಂದು ಅಪ್ಪ ತಮಗೆ ತಾವೇ ಹೇಳಿಕೊಂಡರು. ಆಮೇಲೆ ಒಳಗೆ ತಿರುಗಿ ಕೂಗಿದರು, ಒಂಬತ್ತು ದಿನದಲ್ಲಿ ಮೊದಲ ಸಲ:

"ಪುಟ್ಟೀ... ಬಾಮ್ಮ. ನಿನ್ನ ನೋಡೋಕೆ ಬಂದಿದಾರೆ."

ಅವಳು ಬರುವಷ್ಟರಲ್ಲಿ ಕಣ್ಣು ತುಂಬಿಬಿಟ್ಟಿತ್ತು. ಪಕ್ಕದಲ್ಲಿ ಹಾದುಹೋಗುವಾಗ ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಒಳಗೆ ಹೋದರು. ಅಡುಗೆಮನೆಯಲ್ಲಿ ಅಮ್ಮ ಬೇಡದ ಪಾತ್ರೆಯೊಂದನ್ನು ಜೋರಾಗಿ ತೊಳೆಯತೊಡಗಿದರು, ತಾನೇನೂ ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲು.

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅವನು ಒಂದು ಮೆಟ್ಟಿಲು ಕೆಳಗೆ.

"ಕೂಗಾಡಬಹುದಿತ್ತಲ್ಲ ನನ್ನ ಮೇಲೆ," ಎಂದ. "'ಅವರು ನನ್ನಪ್ಪ' ಅಂತ ಒಂದು ಮಾತು ಹೇಳಿದ್ದಿದ್ರೆ..."

"ನೀವು ಹೇಳಿದ್ದು ನಿಜ ಆಗಿರಬಹುದು ಅಂತ ಭಯ ಆಯ್ತು."

ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅವಳು ಮಂಡಿಯ ಮೇಲೆ ಕೈ ಕಟ್ಟಿಕೊಂಡಳು.

"ನನಗೆ ಗೊತ್ತಾಗಿ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನವೂ ಆ ನಾಯಿ ಅದನ್ನೇ ತಿಂದಿದೆ." ದನಿ ಒಡೆಯಿತು. "ನಾನು ಮೊದಲ ದಿನವೇ ಬರೆದಿದ್ರೆ... ಅದು ಬದುಕ್ತಿತ್ತಾ? ನಿಜ ಹೇಳಿ."

'ಇಲ್ಲ, ಲಿವರ್ ಮೊದಲೇ ಹೋಗಿತ್ತು' ಎಂದರೆ ಸಾಕು, ಅವಳ ಎದೆಯ ಭಾರ ಇಳಿಯುತ್ತದೆ. ಹತ್ತಿರ ಹತ್ತಿರ ನಿಜವೂ ಹೌದು. ಅವನು ಬಾಯಿ ತೆರೆದ, ಮುಚ್ಚಿದ.

"ಗೊತ್ತಿಲ್ಲ," ಎಂದ ಕೊನೆಗೆ. "ಬಹುಶಃ ಬದುಕ್ತಿರಲಿಲ್ಲ. ಆದ್ರೆ ಖಂಡಿತ ಅಂತ ಹೇಳೋಕೆ ನನಗಾಗಲ್ಲ."

ಅವಳು ಅತ್ತಳು. ಈ ಸಲ ನಲ್ಲಿ ಬಿಟ್ಟುಕೊಳ್ಳದೆ, ಒಬ್ಬ ಮನುಷ್ಯನ ಎದುರಿಗೆ. ಅವನು ಸಮಾಧಾನ ಹೇಳಲಿಲ್ಲ, ಕರವಸ್ತ್ರವನ್ನೂ ಕೊಡಲಿಲ್ಲ. ಅವನ ಹತ್ತಿರ ಇರಲೂ ಇಲ್ಲ. ಶರ್ಟಿನ ತೋಳು ಮುಂದೆ ಚಾಚಿದ, ಕೂದಲಿರುವುದನ್ನು ನೋಡಿ ವಾಪಸ್ ಎಳೆದುಕೊಂಡ. ಅವಳು ಆ ತೋಳನ್ನು ಹಿಡಿದುಕೊಂಡಳು.

"ಸುಳ್ಳು ಹೇಳಿದ್ದಿದ್ರೆ ಎದ್ದು ಒಳಗೆ ಹೋಗ್ತಿದ್ದೆ," ಎಂದಳು.

"ಗೊತ್ತು. ಅದಕ್ಕೇ ಹೆದರಿಕೆ ಆಯ್ತು." ಅವನು ಉಸಿರೆಳೆದುಕೊಂಡ. "ನನಗೆ ನಿಮ್ಮ ಮೇಲೆ ಪ್ರೀತಿ ಇದೆ. ಎರಡು ಅಂಕಿ ಹೇಳಿದಿರಲ್ಲ ಫೋನಿನಲ್ಲಿ, ಆ ಹೊತ್ತಿನಿಂದ. ಹೇಳೋಕೆ ಇದು ಸರಿಯಾದ ಸಮಯ ಅಲ್ಲ, ಆದ್ರೂ ಹೇಳ್ತಿದೀನಿ."

ಅವಳು ಅವನ ತೋಳು ಬಿಡಲಿಲ್ಲ. ಇನ್ನೊಂದು ಕೈಯಿಂದ ಮುಖ ಒರೆಸಿಕೊಂಡು ಕೇಳಿದಳು:

"ಆ ಬಸ್ ಡ್ರೈವರ್ ಮನೆ ನಿಮಗೆ ಗೊತ್ತಾ?"

"ಗೊತ್ತು."

"ನಾನು ಹೋಗಬೇಕು. ಪತ್ರ ಅಲ್ಲ, ನೋಟಿಸ್ ಅಲ್ಲ. ನಾನೇ ಹೋಗಿ ಹೇಳಬೇಕು, ಎರಡು ದಿನದ ವಿಷಯ. ಬೈದ್ರೆ ಬೈಸ್ಕೋಬೇಕು."

"ನಾನೂ ಬರ್ತೀನಿ."

"ಒಳಗೆ ನಾನೊಬ್ಬಳೇ ಹೋಗಬೇಕು."

"ಹೋಗಿ. ನಾನು ಹೊರಗೆ ರಸ್ತೆಯಲ್ಲಿ ನಿಂತಿರ್ತೀನಿ. ವಾಪಸ್ ಬರೋವಾಗ ಜೊತೆಗೆ ಯಾರಾದ್ರೂ ಬೇಕಲ್ಲ."

"ಎಷ್ಟು ಹೊತ್ತಾಗುತ್ತೋ..."

"ಆಗಲಿ."

"ಅಳ್ತಾ ಬರ್ತೀನೇನೋ."

"ಬನ್ನಿ."

ಅವಳು ಅವನ ಮುಖವನ್ನೇ ನೋಡಿದಳು. ಎದ್ದು ನಿಂತು, ಚಪ್ಪಲಿ ಮೆಟ್ಟಿಕೊಂಡು, ಎರಡು ಮೆಟ್ಟಿಲು ಇಳಿದು ಹಿಂದೆ ತಿರುಗಿದಳು.

"ಹಾಗಾದ್ರೆ ಬಾ," ಎಂದಳು.

ಅವನು ಅರ್ಧ ಎದ್ದವನು ಹಾಗೇ ನಿಂತ. "ಏನಂದ್ರಿ?"

"ಬಾ ಅಂದೆ. ಯಾಕೆ, ಬನ್ನಿ ಅನ್ನಬೇಕಿತ್ತಾ?"

"ಬೇಡ ಕಣೇ... ಬಂದೆ."